ಎಂಟನೇ ತರಗತಿಯ ಗಣಿತದ ಗುಂಪಿಗೆ ಮಕ್ಕಳನ್ನು ಆರಿಸಿದ್ದು ಹೀಗೆ

ಮುಳಬಾಗಿಲು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮ ರಾಜ್ಯ ಪಠ್ಯಕ್ರಮದಲ್ಲಿ ಎಲ್ಲ ಮಕ್ಕಳಿಗೂ ಒಂದೇ ಗಣಿತ, ಎಸ್ಸೆಸ್ಸೆಲ್ಸಿಯಲ್ಲೂ ಒಂದೇ ಮಟ್ಟದ ಪರೀಕ್ಷೆ. ಸಿಬಿಎಸ್‌ಇಯವರು 2020ರ ಹತ್ತನೇ ತರಗತಿ ಪರೀಕ್ಷೆಯಿಂದ ಸ್ಟ್ಯಾಂಡರ್ಡ್, ಬೇಸಿಕ್ ಎಂದು ಎರಡು ಮಾಡಿದ್ದಾರೆ. ನಮ್ಮಲ್ಲಿ ಪಠ್ಯ ಮೀರಿದ ಗಣಿತ ಬೇಕೆಂದರೆ ಶಾಲೆಯೇ ದಾರಿ ಮಾಡಿಕೊಳ್ಳಬೇಕು. ಎಂಟನೇ ತರಗತಿಯಲ್ಲಿ ಅಂಥದೊಂದು ಗುಂಪು ಕಟ್ಟಿದೆ.

ಇಂಥ ಗುಂಪಿಗೆ ಹೆಸರು ಬರೆಯುವ ರೂಢಿ ಎಲ್ಲರಿಗೂ ಗೊತ್ತು. ಏಳನೇ ತರಗತಿಯ ಅಂಕ ನೋಡುವುದು, "ಯಾರು ಚುರುಕು?" ಎಂದು ಕ್ಲಾಸ್ ಟೀಚರನ್ನು ಕೇಳುವುದು. ಮುಂದಿನ ಬೆಂಚಿನಲ್ಲಿ ಕೂತು, ಕೇಳಿದ ತಕ್ಷಣ ಕೈ ಎತ್ತುವ ಮಕ್ಕಳ ಹೆಸರೇ ಬರುತ್ತದೆ. ನಮ್ಮ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಕನ್ನಡದಲ್ಲಿ ಬಾಯಿಬಿಡಲು ಹಿಂಜರಿಯುವ ಮಗು ಗಣಿತದಲ್ಲೂ ಹಿಂದೆ ಎಂದು ತೀರ್ಮಾನವಾಗಿಬಿಡುತ್ತದೆ. ಇದು ಅನ್ಯಾಯ, ನನಗೆ ಸಹಿಸಲಾಗದ್ದು.

ಆದ್ದರಿಂದ ವರ್ಷದ ಮೊದಲಿಗೆ ಹಿಂದಿನ ತರಗತಿಯ ಪಾಠಗಳನ್ನು ನೆನಪಿಸುವ ಸೇತುಬಂಧ ಮುಗಿದ ಮೇಲೆ ಯಾರನ್ನೂ ಬಿಡದೆ ಎಲ್ಲರಿಗೂ ಒಂದು ಚಿಕ್ಕ ಪತ್ರಿಕೆ ಕೊಟ್ಟೆ. ಪ್ರಶ್ನೆಗಳನ್ನು ಎರಡೂ ಭಾಷೆಯಲ್ಲಿ ಓದಿ ಹೇಳಿದೆ. ಉತ್ತರ ಚಿತ್ರದಲ್ಲಿದ್ದರೂ ಸರಿ ಎಂದೆ. ಉದ್ದುದ್ದ ಗುಣಾಕಾರ, ಭಾಗಾಕಾರ ಇರಲಿಲ್ಲ. ಒಂದು ಪ್ರಶ್ನೆ ಹೀಗಿತ್ತು: ಒಂದಾದ ಮೇಲೊಂದು ಬರುವ ಮೂರು ಸಂಖ್ಯೆಗಳನ್ನು ಕೂಡಿದರೆ ಮೊತ್ತ ಯಾವಾಗಲೂ 3ರಿಂದ ಭಾಗವಾಗುತ್ತದೆಯೇ? ಯಾಕೆ?

ಹೆಚ್ಚಿನವರು 4+5+6=15 ಎಂದು ಒಂದೆರಡು ಉದಾಹರಣೆ ಬರೆದು ನಿಲ್ಲಿಸಿದ್ದರು. ಹದಿನಾಲ್ಕರ ಮಗ್ಗಿಗೆ ತಡವರಿಸುವ ಒಬ್ಬ ಹುಡುಗಿ ಮೂರು ಸಾಲು ಚುಕ್ಕಿ ಇಟ್ಟಿದ್ದಳು. ಉದ್ದನೆಯ ಸಾಲಿನ ಕೊನೆಯ ಚುಕ್ಕಿ ಹೊಡೆದುಹಾಕಿ, ಅಲ್ಲಿಂದ ಗಿಡ್ಡ ಸಾಲಿಗೆ ಬಾಣ ಎಳೆದಿದ್ದಳು. ಮೂರೂ ಸಮ. ಬಾಯಿಮಾತಲ್ಲಿ ಹೇಳಮ್ಮ ಎಂದಾಗ, "ನಡುವಿಂದೇ ಮೂರು ಸಲ ಬಂದಂಗೆ ಸಾರ್" ಅಂದಳು. ಬೀಜಗಣಿತದಲ್ಲಿ ನಾವು ಬರೆಯುವ ಸಾಧನೆಯೂ ಇದೇ ಅಲ್ಲವೇ! ಅಂಕಪಟ್ಟಿ ನೋಡಿದ್ದರೆ ಈ ಹುಡುಗಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಆಯ್ಕೆಯಾದವರ ಮನೆಗೆ "ಸೇರಿಸುತ್ತೀರಾ?" ಎಂಬ ಪತ್ರ ಕಳಿಸಲಿಲ್ಲ. ಮಗು ಗುಂಪಿನಲ್ಲಿದೆ, ಬೇಡವಾದರೆ ಬಂದು ಹೇಳಿ ಎಂದಷ್ಟೇ ತಿಳಿಸಿದೆ. ಅಮೆರಿಕದ ಟೆಕ್ಸಾಸ್ ರಾಜ್ಯ 2023ರಲ್ಲಿ ಮಾಡಿದ ಕಾನೂನಿನ ತಿರುಳೂ ಇದೇ: ಐದನೇ ತರಗತಿಯ ಗಣಿತದಲ್ಲಿ ಮೇಲಿನ ಶೇ. 40ರೊಳಗಿದ್ದ ಮಕ್ಕಳು ಆರನೇ ತರಗತಿಯಲ್ಲಿ ತಾವಾಗಿಯೇ ಮುಂದುವರಿದ ಗಣಿತಕ್ಕೆ ಸೇರುತ್ತಾರೆ. ಬೇಡವೆನ್ನುವ ಹಕ್ಕು ಪೋಷಕರದ್ದು. ಕೇಳಿಕೊಂಡು ಬರುವವರಿಗೆ ಮಾತ್ರ ಬಾಗಿಲು ತೆರೆದರೆ, ಕೇಳಲು ಗೊತ್ತಿಲ್ಲದ ಮನೆಯ ಮಗು ಹೊರಗೇ ಉಳಿಯುತ್ತದೆ.

ಸಮಯವೂ ಮಕ್ಕಳನ್ನು ಸೋಸುತ್ತದೆ. ಸಂಜೆ ಸ್ಪೆಷಲ್ ಕ್ಲಾಸ್ ಇಟ್ಟರೆ ಬಸ್ಸಿಗೆ ಓಡುವ ಹೆಣ್ಣುಮಕ್ಕಳೇ ಮೊದಲು ಬಿಡುತ್ತಾರೆ. ಹೆಡ್ ಮಾಸ್ಟರ್ ಹತ್ತಿರ ಮಾತಾಡಿ ವೇಳಾಪಟ್ಟಿಯೊಳಗೇ ಪೀರಿಯಡ್ ಹಾಕಿಸಿಕೊಂಡೆ.

"ಇದರಿಂದ ಏನು ಸಿಗುತ್ತೆ ಮೇಷ್ಟ್ರೇ?" ಎಂದು ಕೇಳುವ ತಂದೆತಾಯಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಯೋಜನೆಯಾದ ಎನ್‌ಎಂಎಂಎಸ್ ಬಗ್ಗೆ ಹೇಳುತ್ತೇನೆ. ಎಂಟನೇ ತರಗತಿಯಲ್ಲಿ ಪರೀಕ್ಷೆ, ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಅದರ ಮಾನಸಿಕ ಸಾಮರ್ಥ್ಯ ಪತ್ರಿಕೆಗೆ ಈ ಅಭ್ಯಾಸ ನೇರವಾಗಿ ಒದಗುತ್ತದೆ.

ದಸರಾ ರಜೆ ಮುಗಿದ ಮೇಲೆ ಎಲ್ಲರಿಗೂ ಮತ್ತೊಂದು ಪತ್ರಿಕೆ ಕೊಡುತ್ತೇನೆ. ಆಗ ಹೊಸದಾಗಿ ಬರುವವರನ್ನು ಮೊದಲಿಂದ ಇರುವವರ ಜೊತೆ ಜೋಡಿ ಮಾಡಿ ಕೂರಿಸಿ, ಭಾಜ್ಯತೆಯ ನಿಯಮಗಳನ್ನೂ ಸಂಖ್ಯಾ ವಿನ್ಯಾಸಗಳನ್ನೂ ಇನ್ನೊಮ್ಮೆ ಮಾಡಿಸುತ್ತೇನೆ.