ಮಾತ್ರೆಗೂ ಕ್ಯಾಪ್ಸೂಲ್‌ಗೂ ನಡುವೆ ಮೂರು ಗಂಟೆ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ಡಾಕ್ಟರ ಚೀಟಿಯಲ್ಲಿ ಆಂಟಿಬಯೋಟಿಕ್ ಜೊತೆ ಪ್ರೋಬಯೋಟಿಕ್, ಅಂದರೆ ಕರುಳಿಗೆ ಒಳ್ಳೆಯದಾದ ಜೀವಂತ ಜೀವಾಣುಗಳಿರುವ ಕ್ಯಾಪ್ಸೂಲ್ ಬರೆದಿದ್ದರೆ ಎರಡನ್ನೂ ಒಂದೇ ಕವರಿಗೆ ಹಾಕಿ ಕೊಡುತ್ತಿದ್ದೆ. ಎರಡರ ನಡುವೆ ಎಷ್ಟು ಹೊತ್ತು ಬಿಡಬೇಕು ಅಂತ ಹೇಳೋದು ಬಹಳ ಸಲ ಬಿಟ್ಟೇಹೋಗುತ್ತಿತ್ತು. ಕಳೆದ ಬೇಸಿಗೆಯಲ್ಲಿ ನನ್ನ ದವಡೆ ಹಲ್ಲಿನ ಬುಡದಲ್ಲಿ ಕೀವಾಯಿತು. ಅಮಾಕ್ಸಿಸಿಲಿನ್-ಕ್ಲಾವುಲನೇಟ್ 625, ದಿನಕ್ಕೆ ಎರಡು, ಐದು ದಿನದ ಕೋರ್ಸ್.

ಎರಡನೇ ದಿನ ರಾತ್ರಿ ಹೊಟ್ಟೆ ಗುಡುಗುಡು ಶುರುವಾಯಿತು. ಬೆಳಗಾಗುವಷ್ಟರಲ್ಲಿ ಮೂರು ಸಲ ಭೇದಿ. ಈ ಮಾತ್ರೆಗೆ ಹೀಗಾಗೋದು ಸಾಮಾನ್ಯ. ಕೀವಿನ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಿ ಕರುಳಿನಲ್ಲಿರುವ ಒಳ್ಳೆಯವನ್ನೂ ಬಿಡೋದಿಲ್ಲ. ನಾನು ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಪ್ರೋಬಯೋಟಿಕ್ ಕ್ಯಾಪ್ಸೂಲನ್ನು ಅದೇ ಮಾತ್ರೆಯ ಜೊತೆ, ಅದೇ ಗುಟುಕು ನೀರಿನಲ್ಲಿ ನುಂಗಿದ್ದೆ. ಕ್ಯಾಪ್ಸೂಲ್‌ನಲ್ಲಿರೋದೂ ಬ್ಯಾಕ್ಟೀರಿಯಾವೇ ಅಲ್ವಾ? ಅವುಗಳಲ್ಲೂ ಎಷ್ಟೋ ಸತ್ತು ಹೋಗಿರುತ್ತವೆ.

ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದೆ. ಕೋರ್ಸ್ ನಿಲ್ಲಿಸಬೇಡಿ, ರಕ್ತ ಬಂದರೆ ಅಥವಾ ಜ್ವರ ಬಂದರೆ ತಕ್ಷಣ ಬನ್ನಿ ಅಂದರು. ಅಂದಿನಿಂದ ಹೊತ್ತು ಬದಲಿಸಿದೆ. ಬೆಳಗ್ಗೆ ಎಂಟಕ್ಕೆ ತಿಂಡಿಯ ಮೊದಲ ತುತ್ತಿನ ಜೊತೆ ಆಂಟಿಬಯೋಟಿಕ್. ಹನ್ನೊಂದಕ್ಕೆ ಕ್ಯಾಪ್ಸೂಲ್, ತಣ್ಣೀರಿನಲ್ಲಿ. ರಾತ್ರಿ ಎಂಟಕ್ಕೆ ಊಟದ ಜೊತೆ ಇನ್ನೊಂದು ಮಾತ್ರೆ. ಕಡಿಮೆ ಅಂದರೂ ಎರಡು ಗಂಟೆ ಅಂತರ ಬೇಕು, ನಾನು ಮೂರು ಇಟ್ಟುಕೊಂಡೆ. ಸ್ಯಾಕರೋಮೈಸಿಸ್ ಬೌಲಾರ್ಡಿ ಅನ್ನೋ ಇನ್ನೊಂದು ಪ್ರೋಬಯೋಟಿಕ್ ಆದರೆ ಈ ಚಿಂತೆ ಇಲ್ಲ. ಅದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಬ್ಯಾಕ್ಟೀರಿಯಾದ ಔಷಧಿ ಅದನ್ನು ಮುಟ್ಟೋದಿಲ್ಲ.

ನಮ್ಮ ಅತ್ತೆ ಬೆಳಗ್ಗೆ ರಾಗಿ ಗಂಜಿ, ಮಧ್ಯಾಹ್ನ ಮೊಸರನ್ನ ಕೊಟ್ಟರು. "ಅನ್ನ ಆರ್ಲಿ ತಡಿಯವ್ವಾ, ಆಮ್ಯಾಲೆ ಮೊಸರು ಕಲಸ್ತೀನಿ" ಅನ್ನುತ್ತಿದ್ದರು. ಅವರಿಗೆ ಅದು ರುಚಿಯ ಮಾತು. ನನಗೆ ಅದರಲ್ಲಿ ಇನ್ನೊಂದು ಲಾಭ ಕಂಡಿತು. ಹೊಗೆಯಾಡೋ ಅನ್ನಕ್ಕೆ ಸುರಿದರೆ ಮೊಸರಿನಲ್ಲಿರುವ ಬ್ಯಾಕ್ಟೀರಿಯಾಗಳ ಜೀವ ಉಳಿಯೋದಿಲ್ಲ. ಅಂಗಡಿಗೆ ಬರುವವರು ಕೇಳುತ್ತಾರೆ, "ಅಕ್ಕಾ, ದೋಸೆ ಹಿಟ್ಟೂ ಹುಳಿ ಬಂದಿರುತ್ತಲ್ಲ, ಅದು ಆಗಲ್ವಾ?" ಹಂಚಿನ ಮೇಲೆ ಚುರ್ ಅಂದಾಗಲೇ ಹಿಟ್ಟಿನ ಬ್ಯಾಕ್ಟೀರಿಯಾಗಳು ಸತ್ತಿರುತ್ತವೆ. ಅದೂ ಅಲ್ಲದೆ ಭೇದಿಯಾಗುತ್ತಿರುವ ಹೊಟ್ಟೆಗೆ ನಮ್ಮೂರ ಬೆಣ್ಣೆ ದೋಸೆ ಭಾರ.

ಮೊಸರಿನ ವಿಷಯದಲ್ಲಿ ಒಂದು ಎಚ್ಚರ. ನನ್ನ ಮಾತ್ರೆಗೆ ಮೊಸರು ಅಡ್ಡಿ ಇರಲಿಲ್ಲ. ಸಿಪ್ರೋಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಹಾಗಲ್ಲ. ಹಾಲು ಮೊಸರಿನ ಕ್ಯಾಲ್ಸಿಯಂ ಅವನ್ನು ಹಿಡಿದುಕೊಳ್ಳುತ್ತದೆ, ಔಷಧಿ ಮೈಗೆ ಸರಿಯಾಗಿ ಸೇರೋದಿಲ್ಲ. ಅವುಗಳ ಜೊತೆ ಮಜ್ಜಿಗೆ ಕುಡಿಯಬೇಡಿ, ನಡುವೆ ಹೊತ್ತು ಬಿಡಿ.

ನಾಲ್ಕನೇ ದಿನಕ್ಕೆ ಭೇದಿ ಒಂದು ಸಲಕ್ಕೆ ಇಳಿಯಿತು. ಇದು ಕ್ಯಾಪ್ಸೂಲ್‌ನಿಂದಲೇ ಅಂತ ನಾನು ಹೇಳಲಾರೆ. ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಕಲಸಿ ದಿನವಿಡೀ ಗುಟುಕರಿಸಿದ್ದರಿಂದ ಸುಸ್ತಾಗಲಿಲ್ಲ, ಅದಂತೂ ಖಂಡಿತ. ಭೇದಿ ನಿಲ್ಲಿಸುವ ಲೋಪರಮೈಡ್ ಅಂಗಡಿಯಲ್ಲೇ ಇತ್ತು, ಮುಟ್ಟಲಿಲ್ಲ. ಆಂಟಿಬಯೋಟಿಕ್ ಆದಮೇಲೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾ ಕರುಳಿನಲ್ಲಿ ಬೆಳೆದುಬಿಡಬಹುದು. ಅದರಿಂದ ಆಗುವ ಭೇದಿಯನ್ನು ತಡೆದರೆ ಅಪಾಯ. ಕೋರ್ಸ್ ಮುಗಿದು ವಾರಗಳಾದ ಮೇಲೂ ಅದು ಬರಬಹುದು.

ಕೋರ್ಸ್ ಮುಗಿದ ಮೂರನೇ ದಿನ ಕ್ಯಾಪ್ಸೂಲ್ ನಿಲ್ಲಿಸಿದೆ. ಇಸ್ರೇಲ್‌ನ ವೈಜ್‌ಮನ್ ಇನ್‌ಸ್ಟಿಟ್ಯೂಟ್‌ನವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನ್ನ ಮನಸ್ಸಿನಲ್ಲಿತ್ತು. ಆಂಟಿಬಯೋಟಿಕ್ ಆದಮೇಲೆ ಪ್ರೋಬಯೋಟಿಕ್ ತಗೊಂಡವರಲ್ಲಿ ಅವರದೇ ಹಳೆಯ ಬ್ಯಾಕ್ಟೀರಿಯಾ ತಿರುಗಿ ಬರೋದು, ಸುಮ್ನೆ ಬಿಟ್ಟವರಿಗಿಂತ ತಡವಾಯಿತು. ಕೆಲವೇ ಜನರ ಮೇಲೆ ಮಾಡಿದ್ದು ನಿಜ. ಆದರೂ ತಿಂಗಳುಗಟ್ಟಲೆ ನುಂಗೋದಕ್ಕೆ ನನಗೆ ಕಾರಣ ಕಾಣಲಿಲ್ಲ. ಆಮೇಲೆ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಹಸಿ ಈರುಳ್ಳಿ. ಕರುಳಿನ ಬ್ಯಾಕ್ಟೀರಿಯಾಗೆ ನಾರೇ ಆಹಾರ.

ಈಗ ಕವರಿನ ಮೇಲೆ ಪೆನ್ನಿನಿಂದ ಎರಡು ಹೊತ್ತು ಬರೆದೇ ಕೊಡುತ್ತೇನೆ. ಹನ್ನೊಂದರ ಕ್ಯಾಪ್ಸೂಲನ್ನು ಬಿಸಿ ಚಹಾದ ಜೊತೆ ನುಂಗಬೇಡಿ ಅಂತ ಬಾಯಲ್ಲೂ ಹೇಳುತ್ತೇನೆ. ಮೊನ್ನೆ ಒಬ್ಬರು ಕೀಮೋ ನಡೆಯುತ್ತಿರುವ ತಮ್ಮ ತಾಯಿಗೆ ಅಂತ, ಚೀಟಿ ಇಲ್ಲದೆ ಪ್ರೋಬಯೋಟಿಕ್ ಕೇಳಿದರು. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಈ ಜೀವಾಣುಗಳೇ ರಕ್ತಕ್ಕೆ ಸೇರಿ ಸೋಂಕಾಗಬಹುದು. ಕೊಡಲಿಲ್ಲ, ಅವರ ಡಾಕ್ಟರಿಗೆ ಅಲ್ಲೇ ಫೋನ್ ಮಾಡಿಸಿದೆ.