ಸೌರಮಾರುತದ ಡೇಟಾ ಹಿಡ್ಕೊಂಡು ಒದ್ದಾಡಿದ ಕಥೆ

ಚಿತ್ರದುರ್ಗದಲ್ಲಿ ಕೂತು ಗಾಳಿ ಮೇಲೆ ಪ್ರಾಜೆಕ್ಟ್ ಮಾಡ್ತಿದೀನಿ ಅಂದ್ರೆ ಎಲ್ರೂ ಗುಡ್ಡದ ಮೇಲಿನ ಫ್ಯಾನ್ ಕಡೆ ನೋಡ್ತಾರೆ, ನಮ್ಮಪ್ಪನೂ "ಯಾವ ಕಂಪ್ನಿದಪ್ಪಾ?" ಅಂದ್ರು. ನಂದು ಸೌರಮಾರುತ, ಅಂದ್ರೆ ಸೂರ್ಯನಿಂದ ಬರೋ ಗಾಳಿ, ವಿದ್ಯುತ್ ಆವೇಶ ಇರೋ ಕಣಗಳದ್ದು (ಇದಕ್ಕೇ ಪ್ಲಾಸ್ಮಾ ಅನ್ನೋದು). ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ಸ್ಪೀಡು, ಆದ್ರೆ ಭೂಮಿ ಹತ್ರ ಬರೋ ಹೊತ್ತಿಗೆ ಒಂದು ಘನ ಸೆಂಟಿಮೀಟರಿಗೆ ಐದಾರು ಪ್ರೋಟಾನ್ ಅಷ್ಟೆ.

ಬಾಹ್ಯಾಕಾಶ ನೌಕೆಗಳು ಈ ಗಾಳಿನ ಅಳೆದಿಟ್ಟಿದ್ದು ನಾಸಾದ ಓಮ್ನಿ ಡೇಟಾ ಅಂತ ಫ್ರೀ ಸಿಗುತ್ತೆ, ನಿಮಿಷಕ್ಕೊಂದು ರೀಡಿಂಗ್. ಪೈಥಾನಲ್ಲಿ ಗ್ರಾಫ್ ಹಾಕಿದ್ರೆ ಸಾಂದ್ರತೆ ಅಲ್ಲಲ್ಲಿ ಸಾವಿರಕ್ಕೆ ಹಾರ್ತಿತ್ತು, ಏನೋ ದೊಡ್ಡದು ಸಿಕ್ತು ಅಂತ ರಾತ್ರಿ ನಿದ್ದೆ ಬರ್ಲಿಲ್ಲ, ಬೆಳಿಗ್ಗೆ ಫೈಲ್ ತೆಗೆದ್ರೆ ಅದೆಲ್ಲ 999.99, ಅಂದ್ರೆ ಆ ನಿಮಿಷ ರೀಡಿಂಗೇ ಇಲ್ಲ ಅಂತ! ಕಾಂತಕ್ಷೇತ್ರದ ಕಾಲಮ್ಮಲ್ಲಿ 9999.99. ಮೊದ್ಲು ಇವನ್ನ ಕಿತ್ತಾಕಿ.

ಸೌರಮಾರುತದ ಏರಿಳಿತ ಬಹುಪಾಲು ಆಲ್ಫ್ವೆನ್ ಅಲೆ ಥರದ್ದು, ಅಂದ್ರೆ ಕಾಂತಕ್ಷೇತ್ರದ ಗೆರೆಗಳು ಓಲಾಡ್ತವೆ, ಪ್ಲಾಸ್ಮಾ ಒತ್ತಾಗಲ್ಲ. ನಾಯಕನಹಟ್ಟಿ ತೇರಿನ ಹಗ್ಗ ಬರೀ ಆಚೀಚೆ ಓಲಾಡಿದ್ರೆ ಜನ ಒತ್ತಾಗಲ್ಲ ನೋಡಿ, ಹಂಗೆ. ನಾನು ಹುಡುಕ್ತಿದ್ದಿದ್ದು ನೂಕುನುಗ್ಗಲು: ಪ್ಲಾಸ್ಮಾ ಎಲ್ಲಿ ಒತ್ತಾಗುತ್ತೆ, ಅಲ್ಲಿ ಕಾಂತಕ್ಷೇತ್ರದ ಬಲ ಏನಾಗುತ್ತೆ.

ಇಡೀ ತಿಂಗಳಿನ ಡೇಟಾ ಒಟ್ಟಿಗೆ ಹಾಕಿ ಸಾಂದ್ರತೆಗೂ ಕಾಂತಕ್ಷೇತ್ರದ ಬಲಕ್ಕೂ ಕೋರಿಲೇಶನ್ (ಒಂದು ಏರಿದ್ರೆ ಇನ್ನೊಂದು ಏರುತ್ತಾ ಇಳಿಯುತ್ತಾ ಅನ್ನೋ ಲೆಕ್ಕ) ತೆಗೆದೆ, ಪಾಸಿಟಿವ್ ಬಂತು. ಎರಡೂ ಒಟ್ಟಿಗೇ ಏರ್ತವೆ ಅಂತ ಬರೆದೂ ಬಿಟ್ಟೆ. ಗೈಡ್ ಮೇಡಮ್ ನೋಡಿ "ಒಂದೊಂದು ಗಂಟೆ ತುಂಡು ಮಾಡಿ ನೋಡೋ" ಅಂದ್ರು. ಪ್ರತಿ ತುಂಡಿಂದ ಸರಾಸರಿ ಕಳೆದು ಮತ್ತೆ ತೆಗೆದ್ರೆ ಹೆಚ್ಚಿನವು ನೆಗೆಟಿವ್! ಕೋಡ್ ತಪ್ಪಿದೆ ಅಂತ ಎರಡು ದಿನ ಅದನ್ನೇ ತಡಕಾಡಿದೆ. ತಪ್ಪಿರ್ಲಿಲ್ಲ. ವೇಗದ ಗಾಳಿ ಹಿಂದಿನಿಂದ ಬಂದು ನಿಧಾನದ ಗಾಳಿಗೆ ಗುದ್ದಿದಾಗ ಪ್ಲಾಸ್ಮಾ, ಕಾಂತಕ್ಷೇತ್ರ ಎರಡೂ ಹಿಸುಕಿ ಒಟ್ಟಿಗೆ ಏರ್ತವೆ, ತಿಂಗಳಿನ ಲೆಕ್ಕದಲ್ಲಿ ಆ ದೊಡ್ಡ ಗುದ್ದಾಟಗಳೇ ಉಳಿದದ್ದನ್ನೆಲ್ಲ ಮುಚ್ಚಿಹಾಕಿದ್ವು. ಚಿಕ್ಕ ಅಳತೆಯಲ್ಲಿ ಹಂಗಲ್ಲ, ಕಣಗಳ ಒತ್ತಡ ಪ್ಲಸ್ ಕಾಂತೀಯ ಒತ್ತಡ ಸೇರಿ ಹೆಚ್ಚುಕಮ್ಮಿ ಒಂದೇ ಇರುತ್ತೆ, ಒಂದು ಏರಿದ್ರೆ ಇನ್ನೊಂದು ಇಳೀಬೇಕು. ಅಂದಹಾಗೆ ಚಿಕ್ಕದು ಅಂದ್ರೂ ಆ ಸ್ಪೀಡಲ್ಲಿ ಒಂದು ನಿಮಿಷ ಅಂದ್ರೆ 24,000 ಕಿಲೋಮೀಟರ್.

ವೈವಾದಲ್ಲಿ ಕೇಳಿದ್ದು ಒಂದೇ: ಹಿಂಗೆ ಒಂದು ಏರಿ ಇನ್ನೊಂದು ಇಳಿಯೋ ಇವು ಪ್ಲಾಸ್ಮಾದೊಳಗೆ ತಾವೇ ಸಾಗೋ ಸ್ಲೋ ಮೋಡ್ ಅನ್ನೋ ಅಲೆಗಳಾ, ಇಲ್ಲ ಗಾಳಿ ಜೊತೆ ಸುಮ್ನೆ ತೇಲಿ ಬರೋ ಗಂಟುಗಳಾ? ಒಂದೇ ಜಾಗದ ರೀಡಿಂಗ್ ಇಟ್ಕೊಂಡು ನನಗೆ ಬಿಡಿಸೋಕಾಗ್ಲಿಲ್ಲ, ಹಂಗೇ ಹೇಳಿ ಬಂದೆ.