ಎಲೆಯಲ್ಲಿ ಇರುವುದನ್ನೇ ಓದಿ: ಮಾರ್ಸೇ ಟ್ಯಾರೋ ಕಲಿಯುವ ಬಗೆ

ಭವಿಷ್ಯ ಕೇಳಲು ಬಳಸುವ ಟ್ಯಾರೋ ಎಲೆಗಳಲ್ಲಿ ಮಾರ್ಸೇ ಎಂಬ ಹಳೆಯ ಮಾದರಿಯ ಕಟ್ಟು ತರಿಸಿಕೊಂಡವರು ಮೊದಲ ದಿನವೇ ಪೆಚ್ಚಾಗುತ್ತಾರೆ. 78 ಎಲೆಗಳಲ್ಲಿ 40ರಲ್ಲಿ ಮನುಷ್ಯರೂ ಇಲ್ಲ, ಕಥೆಯೂ ಇಲ್ಲ. ಆರು ಬಟ್ಟಲು, ಎಂಟು ಕತ್ತಿ, ನಡುವೆ ಒಂದಿಷ್ಟು ಹೂಬಳ್ಳಿ, ಅಷ್ಟೆ. ‘ಮೂರು ಕತ್ತಿ’ ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಹೃದಯಕ್ಕೆ ಕತ್ತಿಗಳು ನಾಟಿರುವ ಚಿತ್ರ ಬರುತ್ತದೆ. ಕೈಯಲ್ಲಿರುವ ಎಲೆಯಲ್ಲಿ ಹೃದಯವೇ ಇಲ್ಲ. ಹುಡುಕಿದಾಗ ಸಿಗುವುದು 1909ರಲ್ಲಿ ಲಂಡನ್ನಿನಲ್ಲಿ ಹೊರಬಂದ, ವೇಟ್ ಎಂಬವರು ರೂಪಿಸಿ ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ ಕಟ್ಟಿನ ಎಲೆ. ಮಾರ್ಸೇ ಮಾದರಿ ಅದಕ್ಕಿಂತ ಬಹಳ ಹಿಂದಿನದು. ಪ್ಯಾರಿಸ್ಸಿನ ಜಾನ್ ನೋಬ್ಲೆ ಅಚ್ಚು ಹಾಕಿದ್ದು ಸುಮಾರು 1650ರಲ್ಲಿ, ಇಂದು ಹೆಚ್ಚಾಗಿ ಮರುಮುದ್ರಣವಾಗುವ ನಿಕೊಲಾ ಕೊನ್ವೇರ್ ಕಟ್ಟು ಫ್ರಾನ್ಸಿನ ಮಾರ್ಸೇ ಪಟ್ಟಣದ್ದು, 1760ರದು. ಒಂದು ಕಟ್ಟಿನ ಅರ್ಥವನ್ನು ಇನ್ನೊಂದಕ್ಕೆ ಅಂಟಿಸುವುದರಿಂದಲೇ ಕಲಿಯುವವರ ಅರ್ಧ ಗೊಂದಲ ಹುಟ್ಟುತ್ತದೆ.

ಈಜಿಪ್ಟಿನ ಪುರೋಹಿತರ ಗುಪ್ತವಿದ್ಯೆ ಎಂಬ ಮಾತನ್ನೂ ಇಲ್ಲೇ ಬದಿಗಿಡಿ. ಟ್ಯಾರೋ 15ನೇ ಶತಮಾನದ ಉತ್ತರ ಇಟಲಿಯಲ್ಲಿ ಹುಟ್ಟಿದ ಇಸ್ಪೀಟಾಟ. ಈಜಿಪ್ಟಿನ ಕಥೆಯನ್ನು 1781ರಲ್ಲಿ ಪ್ರಚಾರಕ್ಕೆ ತಂದವನು ಫ್ರೆಂಚ್ ಲೇಖಕ ಕೂರ್ ದ ಜೆಬೆಲೆನ್. ಈಜಿಪ್ಟಿನ ಚಿತ್ರಲಿಪಿಯನ್ನು ವಿದ್ವಾಂಸ ಶಾಂಪೋಲಿಯೋ ಬಿಡಿಸಿದ್ದು 1822ರಲ್ಲಿ. ಲಿಪಿ ಓದಲು ಬರುವ ಮೊದಲೇ ಅದರ ಗುಟ್ಟು ಹೇಳಿದಂತಾಯಿತು.

ಮೊದಲು ಐದು ಗುಡ್ಡೆ

ಕಟ್ಟು ಬಿಚ್ಚಿದೊಡನೆ ಕಲಸಬೇಡಿ. ಹುಚ್ಚ, ಚಕ್ರವರ್ತಿ, ಸೂರ್ಯ ಮುಂತಾದ ಚಿತ್ರಗಳಿರುವ 22 ತುರುಪಿನ ಎಲೆಗಳನ್ನು ಒಂದು ಕಡೆ ಇಡಿ. ಉಳಿದ 56ನ್ನು ಬಟ್ಟಲು, ನಾಣ್ಯ, ಕತ್ತಿ, ದೊಣ್ಣೆ ಎಂದು ನಾಲ್ಕು ಗುಡ್ಡೆ ಮಾಡಿ. ತಲಾ 14 ಇರಬೇಕು: ಎಕ್ಕದಿಂದ ಹತ್ತರವರೆಗೆ, ಮೇಲೆ ಗುಲಾಮ, ಸವಾರ, ರಾಣಿ, ರಾಜ. ಇಸ್ಪೀಟು ಆಡಿದವರಿಗೆ ಸವಾರನೊಬ್ಬನೇ ಹೊಸಬ. (ಇಸ್ಪೀಟಿನ ‘ಸ್ಪೇಡ್’ ಕೂಡ ಮೂಲದಲ್ಲಿ ಗುದ್ದಲಿಯಲ್ಲ, ಇಟಲಿಯ ‘ಸ್ಪಾದಾ’, ಅಂದರೆ ಕತ್ತಿಯೇ.)

ಕತ್ತಿ ಯಾವುದು, ದೊಣ್ಣೆ ಯಾವುದು ಎಂಬಲ್ಲಿ ಎಲ್ಲರೂ ಎಡವುತ್ತಾರೆ. ಕತ್ತಿಗಳು ಬಿಲ್ಲಿನಂತೆ ಬಾಗಿ ಮೊಟ್ಟೆಯಾಕಾರದ ಚೌಕಟ್ಟು ಕಟ್ಟುತ್ತವೆ. ದೊಣ್ಣೆಗಳು ನೆಟ್ಟಗಿದ್ದು, ನಡುವೆ ಒಂದನ್ನೊಂದು ಹಾಯ್ದು ಹೆಣೆದುಕೊಳ್ಳುತ್ತವೆ. ಕತ್ತಿಯ ಸಮಸಂಖ್ಯೆಯ ಎಲೆಗಳಲ್ಲಿ ಎರಡರಿಂದ ಎಂಟರವರೆಗೆ ಚೌಕಟ್ಟಿನೊಳಗೆ ಹೂವಿದೆ. ಮೂರು, ಐದು, ಏಳು, ಒಂಬತ್ತರಲ್ಲಿ ನೆಟ್ಟಗಿನ ಒಂದು ಕತ್ತಿ ಇದೆ. ನಾಣ್ಯದ ಎಲೆಗಳ ಮೇಲೆ ಅಂಕಿ ಇರುವುದಿಲ್ಲ, ಎಣಿಸಿಕೊಳ್ಳಬೇಕು. ಉಳಿದವುಗಳ ರೋಮನ್ ಅಂಕಿ ಹಳೆಯ ಶೈಲಿಯದು, ನಾಲ್ಕಕ್ಕೆ ನಾಲ್ಕು ಗೀಟು.

ತುರುಪಿನ ಎಲೆಗಳನ್ನು ಒಂದರಿಂದ 21ರವರೆಗೆ ಸಾಲಾಗಿ ಹರವಿ. ಎರಡು ಎಲೆ ಕಣ್ಣಿಗೆ ಬೀಳುತ್ತವೆ. ಜೋಳಿಗೆ ಹೊತ್ತು ನಡೆಯುವ ಹುಚ್ಚನಿಗೆ ಹೆಸರಿದೆ, ಅಂಕಿ ಇಲ್ಲ. ಹದಿಮೂರಕ್ಕೆ ಅಂಕಿ ಇದೆ, ಹೆಸರಿಲ್ಲ. ಇನ್ನೊಂದನ್ನು ಗುರುತು ಹಾಕಿಕೊಳ್ಳಿ: ಇಲ್ಲಿ ಎಂಟನೆಯದು ನ್ಯಾಯ, ಹನ್ನೊಂದನೆಯದು ಶಕ್ತಿ. ವೇಟ್ ಕಟ್ಟಿನಲ್ಲಿ ಇವೆರಡೂ ಅದಲುಬದಲಾಗಿವೆ. ಅಂಕಿ ನೋಡಿ ಪುಸ್ತಕ ತೆರೆದವರು ತಕ್ಕಡಿ ಹಿಡಿದವಳಿಗೆ ಸಿಂಹದ ಬಾಯಿ ಹಿಡಿದವಳ ಅರ್ಥ ಹೇಳಿಬಿಡುತ್ತಾರೆ.

ಚಿತ್ರವಿಲ್ಲದ ನಲವತ್ತು

ಈ ಎಲೆಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಎಲೆಯ ಜಾತಿ (ಬಟ್ಟಲೋ, ನಾಣ್ಯವೋ, ಕತ್ತಿಯೋ, ದೊಣ್ಣೆಯೋ) ಯಾವ ವಿಷಯ ಎಂದು ಹೇಳುತ್ತದೆ, ಅಂಕಿ ಆ ವಿಷಯ ಎಲ್ಲಿಗೆ ಬಂದಿದೆ ಎಂದು ಹೇಳುತ್ತದೆ. ಬಟ್ಟಲು ಮನಸ್ಸು, ನೆಂಟಸ್ತಿಕೆ, ಒಲವು. ನಾಣ್ಯ ದುಡ್ಡು, ಮನೆ, ಮೈ. ಕತ್ತಿ ಮಾತು, ವಾದ, ಕಾಗದಪತ್ರ, ಕಡಿತ. ದೊಣ್ಣೆ ದುಡಿಮೆ, ಹುಮ್ಮಸ್ಸು, ಕೆಲವೊಮ್ಮೆ ಬರೀ ಹೊರೆ.

ಅಂಕಿಗಳಲ್ಲಿ ಓದುಗರ ನಡುವೆ ಒಮ್ಮತವಿಲ್ಲ. ಬಳಸಿ ನೋಡಲು ಹೀಗೊಂದು ಲೆಕ್ಕ ಸಾಕು: ಎಕ್ಕ ಬೀಜ, ಎರಡು ಜೋಡಿ ಅಥವಾ ಕಾಯುವಿಕೆ, ಮೂರು ಮೊಳಕೆ, ನಾಲ್ಕು ನೆಲೆ, ಐದು ಆ ನೆಲೆ ಅಲುಗುವುದು, ಆರು ಹದ, ಏಳು ಹೊರಗೆ ಹೆಜ್ಜೆ, ಎಂಟು ತುಂಬಿದ ವ್ಯವಸ್ಥೆ, ಒಂಬತ್ತು ಮುಗಿಯುವ ಮುಂಚಿನ ಇಕ್ಕಟ್ಟು, ಹತ್ತು ಮುಗಿತ ಅಥವಾ ಅತಿ. ‘ಐದು ನಾಣ್ಯ’ ಬಂತೆನ್ನಿ. ನಾಲ್ಕು ಮೂಲೆಗೆ ನಾಲ್ಕು ನಾಣ್ಯ, ನಟ್ಟನಡುವೆ ಐದನೆಯದು. ನೆಟ್ಟಗಿದ್ದ ಖರ್ಚಿನ ಲೆಕ್ಕದೊಳಕ್ಕೆ ಹೊಸದೊಂದು ನುಗ್ಗಿದೆ. ಅದು ಲಾಭವೋ ಕಂದಾಯವೋ ಎಂಬುದನ್ನು ಅಕ್ಕಪಕ್ಕದ ಎಲೆಯೇ ಹೇಳಬೇಕು.

ಆಟದಲ್ಲಿ ಈ ನಾಲ್ಕು ಜಾತಿಗಳಿಗೆ ಒಂದೇ ನಿಯಮವಿರಲಿಲ್ಲ. ಉದ್ದನೆಯ ಕತ್ತಿ, ದೊಣ್ಣೆಗಳಲ್ಲಿ ಹತ್ತು ದೊಡ್ಡದು. ದುಂಡನೆಯ ಬಟ್ಟಲು, ನಾಣ್ಯಗಳಲ್ಲಿ ಅಂಕಿ ಕಡಿಮೆಯಾದಷ್ಟೂ ಎಲೆಗೆ ಬೆಲೆ. ನಮ್ಮ ಹಳೆಯ ಎಲೆಯಾಟವಾದ ದಶಾವತಾರ ಗಂಜೀಫಾದಲ್ಲೂ ಇಂಥದೇ ಏರ್ಪಾಡಿದೆ: ಹತ್ತು ಜಾತಿಗಳಲ್ಲಿ ಐದಕ್ಕೆ ಒಂದು ಕ್ರಮ, ಐದಕ್ಕೆ ತಿರುಗುಮುರುಗು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಬೆಳೆಸಿದ ಗಂಜೀಫಾ ಕಡೆಯವರೆಗೂ ಆಟವಾಗಿ, ಕಲೆಯಾಗಿಯೇ ಉಳಿಯಿತು. ಯುರೋಪಿನ ಎಲೆ ಮಾತ್ರ ಭವಿಷ್ಯ ಕೇಳುವವರ ಕೈಗೆ ಹೋಯಿತು. ಓದುವಾಗ ಆಟದ ಈ ನಿಯಮವನ್ನು ಪಾಲಿಸುವವರೂ ಇದ್ದಾರೆ. ಹೊಸಬರು ಇದಕ್ಕೆ ಕೈಹಾಕದಿರುವುದೇ ಒಳ್ಳೆಯದು, ಎರಡು ಲೆಕ್ಕ ಬೆರೆತುಹೋಗುತ್ತದೆ.

ಕೆಲವರು ಈ ತೊಂದರೆಯೇ ಬೇಡವೆಂದು 22 ತುರುಪುಗಳಲ್ಲೇ ಓದುತ್ತಾರೆ. ಆಗ ಹಾಲಿನ ಪ್ಯಾಕೆಟ್ಟಿನ ಪ್ರಶ್ನೆಗೂ ದೇವದೂತ, ದೆವ್ವ, ಸೂರ್ಯರೇ ಬಂದು ಉತ್ತರಿಸುತ್ತಾರೆ. ಪೂರ್ತಿ ಕಟ್ಟಿನಿಂದ ಮೂರು ಎಲೆ ಎತ್ತಿದರೆ ನೂರರಲ್ಲಿ ಸುಮಾರು 36 ಸಲ ಒಂದೂ ತುರುಪು ಬರುವುದಿಲ್ಲ. ಅದೂ ಒಂದು ಉತ್ತರವೇ: ವಿಷಯ ದಿನನಿತ್ಯದ್ದು, ದೊಡ್ಡದು ಮಾಡಬೇಡಿ.

ಕಲಸುವುದು, ಕೇಳುವುದು

ಹೊಸ ಕಟ್ಟು ಕ್ರಮವಾಗಿ ಜೋಡಿಸಿರುತ್ತದೆ. ಮೇಲೆಮೇಲಷ್ಟೇ ಕಲಸಿದರೆ ನಾಣ್ಯಗಳೆಲ್ಲ ಒಟ್ಟೊಟ್ಟಿಗೇ ಬರುತ್ತವೆ. ಮೊದಲ ಸಲ ಮೇಜಿನ ಮೇಲೆ ಬೋರಲು ಹರಡಿ, ಎರಡೂ ಕೈಯಿಂದ ಎರಡು ಮೂರು ನಿಮಿಷ ಕಲೆಸಿ, ಎಲ್ಲವನ್ನೂ ತಲೆ ಮೇಲಾಗಿ ಜೋಡಿಸಿ. ಆಮೇಲೆ ಪ್ರತಿ ಸಲ ಏಳೆಂಟು ಬಾರಿ ಕಲಸಿ ಕಟ್ ಮಾಡಿದರೆ ಸಾಕು. ಎಲೆ ದೊಡ್ಡದಾದ್ದರಿಂದ ಕೈ ಚಿಕ್ಕದಿದ್ದವರು ಕಟ್ಟನ್ನು ಎರಡು ಪಾಲು ಮಾಡಿಕೊಂಡು ಕಲಸಲಿ. ತಲೆಕೆಳಗಾದ ಎಲೆಗೆ ಬೇರೆ ಅರ್ಥ ಹೇಳುವ ಪದ್ಧತಿಯನ್ನು ಇಲ್ಲಿ ಬಿಡಿ. ಅಂಕಿಯ ಎಷ್ಟೋ ಎಲೆಗಳು ತಿರುಗಿಸಿದರೂ ಒಂದೇ ಥರ ಕಾಣುತ್ತವೆ.

ಪ್ರಶ್ನೆ ಕೆಟ್ಟರೆ ಓದೂ ಕೆಡುತ್ತದೆ. ‘ನನಗೆ ಕೆಲಸ ಸಿಗುತ್ತಾ?’ ಎಂದರೆ ಎಲೆಯಲ್ಲಿ ಹೌದು–ಇಲ್ಲ ಬರೆದಿಲ್ಲ, ನಿಮ್ಮ ಆಸೆಯನ್ನೇ ನೀವು ಓದಿಕೊಳ್ಳುತ್ತೀರಿ. ‘ಮುಂದಿನ ತಿಂಗಳ ಸಂದರ್ಶನಕ್ಕೆ ಯಾವುದನ್ನು ಸರಿಮಾಡಿಕೊಳ್ಳಬೇಕು?’ ಎನ್ನಿ. ಅವಧಿ ಇರಲಿ, ಕೇಳುವವರು ಮಾಡಬಹುದಾದ ಕೆಲಸವೊಂದು ಇರಲಿ. ಕಾಯಿಲೆ, ಕೋರ್ಟು, ಷೇರುಪೇಟೆಗೆ ಎಲೆ ಎತ್ತಬೇಡಿ. ಎಲೆಗೆ ಮುಂದಾಗುವುದು ಗೊತ್ತಿಲ್ಲ. ಎದುರಿಗಿರುವ ವಿಷಯವನ್ನು ಬೇರೆ ಮಗ್ಗುಲಿಂದ ನೋಡಿಸುವುದಷ್ಟೇ ಅದರ ಕೆಲಸ.

ಮೂರು ಎಲೆಯ ಒಂದು ಓದು

ನಿನ್ನೆ–ಇಂದು–ನಾಳೆ ಎಂಬ ಹಂಚಿಕೆ ಸುಲಭ, ಆದರೆ ಮೂರು ಎಲೆಗಳೂ ಒಂದನ್ನೊಂದು ಮಾತಾಡಿಸದೆ ಕೂರುತ್ತವೆ. ನಡುವಿನದು ವಿಷಯ, ಅಕ್ಕಪಕ್ಕದವು ಅದನ್ನು ಎಳೆಯುವವರು ಎಂದು ಇಟ್ಟುಕೊಳ್ಳಿ. ಆಮೇಲೆ ಯಾರು ಯಾರ ಕಡೆ ನೋಡುತ್ತಿದ್ದಾರೆ ಎಂದು ಗಮನಿಸಿ. ಮಾರ್ಸೇ ಕಟ್ಟಿನಲ್ಲಿ ನೋಟದ ದಿಕ್ಕು ಬಹಳ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ ಹೀಗಿರಲಿ: ‘ಅಣ್ಣನ ಜತೆ ಪಾಲಿನಲ್ಲಿ ಅಂಗಡಿ ಹಾಕುವ ಮುಂಚೆ ಏನು ನೋಡಿಕೊಳ್ಳಬೇಕು?’ ಎಡಕ್ಕೆ ಸನ್ಯಾಸಿ, ನಡುವೆ ಎರಡು ನಾಣ್ಯ, ಬಲಕ್ಕೆ ಚಕ್ರವರ್ತಿ ಬಿದ್ದವು. ಪುಸ್ತಕ ನೋಡಿ ಓದುವವರು ‘ಏಕಾಂತ, ಸಮತೋಲ, ಅಧಿಕಾರ’ ಎನ್ನುತ್ತಾರೆ. ಅಣ್ಣನಿಗೂ ಅಂಗಡಿಗೂ ಅದರಿಂದ ಏನೂ ಸಿಗಲಿಲ್ಲ.

ಈಗ ಎಲೆ ನೋಡಿ. ಚಕ್ರವರ್ತಿ ರಾಜದಂಡ ಹಿಡಿದು, ಕಾಲ ಮೇಲೆ ಕಾಲು ಹಾಕಿ ಎಡಕ್ಕೆ ಮುಖ ಮಾಡಿದ್ದಾನೆ. ಕಣ್ಣು ನೇರ ನಾಣ್ಯದ ಮೇಲೆ. ಸನ್ಯಾಸಿಯೂ ಎಡಕ್ಕೇ ಹೊರಟಿದ್ದಾನೆ, ನಾಣ್ಯಕ್ಕೆ ಬೆನ್ನು. ಒಬ್ಬನಿಗೆ ಗಲ್ಲಾಪೆಟ್ಟಿಗೆಯ ಯೋಚನೆ, ಇನ್ನೊಬ್ಬನ ಮನಸ್ಸು ಬೇರೆಲ್ಲೋ. ಸನ್ಯಾಸಿಯ ಕೈಯಲ್ಲಿರುವ ಲಾಟೀನಿನ ಬೆಳಕು ಬೀಳುವ ಜಾಗ ಖಾಲಿ ಇದೆ. ನೋಟ ಸಾಲಿನಿಂದ ಹೊರಗೆ ಹೋದಾಗ ಅಲ್ಲಿ ಇನ್ನೊಂದು ಎಲೆ ಇಡುವುದು ರೂಢಿ. ಇಟ್ಟರೆ ಏಳು ಕತ್ತಿ: ಮುಚ್ಚಿದ ಚೌಕಟ್ಟಿನೊಳಗೆ ಒಂಟಿ ಕತ್ತಿ. ಹೊರಗೆ ಬಾರದ ಮಾತು, ಇತ್ಯರ್ಥವಾಗದ ಹಳೆಯ ಲೆಕ್ಕ.

ನಡುವಿನ ಎಲೆಯನ್ನು ಕಣ್ಣಿಗೆ ಹತ್ತಿರ ಹಿಡಿಯಿರಿ. ಒಂದರ ಕೆಳಗೊಂದು ಎರಡು ನಾಣ್ಯ, ಎರಡನ್ನೂ ಸುತ್ತಿಕೊಂಡು ಹಾವಿನಂತೆ ಹೊರಳಿದ ಒಂದು ಪಟ್ಟಿ. ಆ ಪಟ್ಟಿಯ ಮೇಲೆ ಅಕ್ಷರಗಳಿವೆ. ಎಲೆ ಮಾಡುವವರು ತಮ್ಮ ಹೆಸರನ್ನು, ಕೆಲವೊಮ್ಮೆ ಇಸವಿಯನ್ನೂ ಹಾಕುತ್ತಿದ್ದ ಜಾಗ ಅದು. ಪಾಲುದಾರಿಕೆಯ ಪ್ರಶ್ನೆಗೆ ಎರಡು ನಾಣ್ಯವನ್ನು ಕಟ್ಟಿಹಿಡಿದಿರುವುದು ಹೆಸರು ಬರೆದ ಪಟ್ಟಿ. ಕರಾರುಪತ್ರಕ್ಕಿಂತ ಬೇರೆ ಏನು ಹೇಳಬೇಕು? ಓದು ಹೀಗಾಗುತ್ತದೆ: ಮೊದಲು ಹಳೆಯ ಲೆಕ್ಕ ಬಾಯಿಬಿಟ್ಟು ಮಾತಾಡಿ ಮುಗಿಸಿ, ಆಮೇಲೆ ಹೆಸರು, ತಾರೀಕು ಹಾಕಿ ಬರೆಸಿಕೊಳ್ಳಿ, ಗಲ್ಲಾ ಯಾರ ಕೈಯಲ್ಲಿ ಎಂಬುದೂ ಅದರಲ್ಲಿರಲಿ.

ಎಡವುವ ಜಾಗಗಳು

ಹದಿಮೂರು ಬಂದಾಗ ಎದುರಿಗಿದ್ದವರ ಮುಖ ಕಪ್ಪಿಡುತ್ತದೆ. ಅಸ್ಥಿಪಂಜರ ಕುಡುಗೋಲು ಬೀಸುತ್ತಿದೆ, ನಿಜ. ಕಪ್ಪು ನೆಲದಲ್ಲಿ ತಲೆ, ಕೈಗಳ ನಡುವೆ ಹಸಿರೂ ಚಿಗುರಿದೆ. ಕೊಯ್ಲು ಎಂದು ಓದಿ, ಏನನ್ನು ಕೊಯ್ಯುತ್ತಿದೆ ಎಂದು ಪಕ್ಕದ ಎಲೆಯನ್ನು ಕೇಳಿ. ಸಾವಿನ ಮಾತು ಎತ್ತಲೇಬೇಡಿ.

ಬಂದದ್ದು ಹಿಡಿಸಲಿಲ್ಲವೆಂದು ಮತ್ತೆ ಎತ್ತುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಮೂರನೆಯ ಸಲಕ್ಕೆ ನಿಮಗೆ ಬೇಕಾದದ್ದು ಬಂದೇ ಬರುತ್ತದೆ. ಹೆಚ್ಚಿನ ಎಲೆ ಒಂದೇ, ಅದೂ ನೋಟ ಹೊರಗೆ ಹೋದಾಗ ಮಾತ್ರ. ಇನ್ನು ಎಲೆಯಲ್ಲಿ ದೋಷ ಕಂಡಿತು, ಪರಿಹಾರಕ್ಕೆ ಇಷ್ಟಾಗುತ್ತದೆ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಈ 78ರಲ್ಲಿ ದೋಷದ ಎಲೆ ಇಲ್ಲ.

ಅಭ್ಯಾಸಕ್ಕೆ ಒಂದು ನೋಟ್‌ಬುಕ್ ಇಡಿ. ತಾರೀಕು, ಪ್ರಶ್ನೆ, ಬಿದ್ದ ಎಲೆ, ನೀವು ಹೇಳಿದ ಒಂದೇ ಒಂದು ವಾಕ್ಯ. ಎರಡು ತಿಂಗಳ ನಂತರ ಕೆಂಪು ಪೆನ್ನಿನಲ್ಲಿ ಪಕ್ಕದಲ್ಲೇ ನಡೆದದ್ದನ್ನು ಬರೆಯಿರಿ. ತಪ್ಪಿದ್ದನ್ನು ತಿದ್ದಬೇಡಿ, ಹಾಗೇ ಇರಲಿ.